600 ವೋಲ್ಟ್ ಡಿಸಿ ಮತ್ತು 2 ಕಿಲೋವ್ಯಾಟ್ ಹೀಟರ್: ಯಾವ ಆಪ್ಟೋಕಪ್ಲರ್, ಯಾವ ಎಸ್‌ಎಸ್‌ಆರ್?

ಬೆಸುಗೆ_ಕಡ್ಡಿ

ಎಲ್ಲರಿಗೂ ನಮಸ್ಕಾರ. ಫಿಲ್ಮ್ ಕೆಪಾಸಿಟರ್‌ಗಳನ್ನು ಬಿಸಿ ಪೆಟ್ಟಿಗೆಯಲ್ಲಿಟ್ಟು, 600 ವೋಲ್ಟ್ ಡಿಸಿ ಕೊಟ್ಟು, ವಾರಗಟ್ಟಲೆ ಹಾಗೇ ಬಿಟ್ಟು ನೋಡುವ ಒಂದು ಟೆಸ್ಟರ್ ಮಾಡುತ್ತಿದ್ದೇನೆ. ಎಲ್ಲ ಕೆಪಾಸಿಟರ್ ಸೇರಿ 100 ಮೈಕ್ರೋಫ್ಯಾರಡ್. 600 ವೋಲ್ಟ್ ಸಪ್ಲೈ 20 ಮಿಲಿಆಂಪ್‌ಗಿಂತ ಜಾಸ್ತಿ ಕೊಡುವುದಿಲ್ಲ. ಪೆಟ್ಟಿಗೆಗೆ 230 ವೋಲ್ಟ್, 2 ಕಿಲೋವ್ಯಾಟ್ ಹೀಟರ್. ಎಲ್ಲವನ್ನೂ ನಡೆಸುವುದು 3.3 ವೋಲ್ಟ್‌ನ ಮೈಕ್ರೋಕಂಟ್ರೋಲರ್.

ಚಾರ್ಜ್ ಮಾಡುವ ಸ್ವಿಚ್‌ಗೆ ಪಿಸಿ817 ಆಪ್ಟೋಕಪ್ಲರ್ (ಒಂದು ಕಡೆಯ ಎಲ್‌ಇಡಿ ಬೆಳಕಿನಿಂದಲೇ ಇನ್ನೊಂದು ಕಡೆಯ ಟ್ರಾನ್ಸಿಸ್ಟರ್ ನಡೆಸುವ ಭಾಗ, ನಡುವೆ ತಂತಿಯ ಸಂಪರ್ಕ ಇಲ್ಲ) ಹಾಕೋಣ ಅಂತಿದ್ದೇನೆ. ಐಸೊಲೇಶನ್ 5000 ವೋಲ್ಟ್ ಅಂತ ಡೇಟಾಶೀಟ್‌ನ ಮೊದಲ ಪುಟದಲ್ಲೇ ಇದೆ. 600 ಅದಕ್ಕೆ ಏನೂ ಅಲ್ಲ, ಅಲ್ವಾ? ಡಿಸ್ಚಾರ್ಜ್‌ಗೆ 10 ಕಿಲೋಓಮ್ ರೆಸಿಸ್ಟರ್, ಅದರ ಸಾಲಿನಲ್ಲಿ 25 ಆಂಪ್‌ನ ಎಸ್‌ಎಸ್‌ಆರ್ (ಸಾಲಿಡ್ ಸ್ಟೇಟ್ ರಿಲೇ, ಅಂದರೆ ಕಾಂಟ್ಯಾಕ್ಟ್ ಇಲ್ಲದ ಎಲೆಕ್ಟ್ರಾನಿಕ್ ರಿಲೇ). ಅದರ ಮೇಲೆ 24-380 ವೋಲ್ಟ್ ಎಸಿ ಅಂತ ಬರೆದಿದೆ. ಹೀಟರ್‌ಗೆ ಬಿಟಿ136 ಟ್ರಯಾಕ್ (ಎಸಿಯನ್ನು ಆನ್ ಆಫ್ ಮಾಡುವ ಎಲೆಕ್ಟ್ರಾನಿಕ್ ಸ್ವಿಚ್), ಅದನ್ನು ನಡೆಸಲು ಎಂಒಸಿ3041 ಆಪ್ಟೋ.

ಬೋರ್ಡ್ ಮಾಡಿಸುವ ಮೊದಲು ಒಮ್ಮೆ ನೋಡಿ ಹೇಳಿ.

ಡೇಟಾಶೀಟ್_ಭಕ್ತ

ಬೋರ್ಡ್ ಮಾಡಿಸುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಮೂರೂ ಆಯ್ಕೆ ಬದಲಾಗಬೇಕು.

5000 ವೋಲ್ಟ್ ಎನ್ನುವುದು ಎಲ್‌ಇಡಿ ಕಡೆಗೂ ಟ್ರಾನ್ಸಿಸ್ಟರ್ ಕಡೆಗೂ ನಡುವೆ ಇರುವ ತಡೆಯ ಲೆಕ್ಕ. ಆ ಟ್ರಾನ್ಸಿಸ್ಟರ್‌ನ ಕಲೆಕ್ಟರ್‌ಗೂ ಎಮಿಟರ್‌ಗೂ ನಡುವೆ ಎಷ್ಟು ತಡೆಯುತ್ತದೆ ಎನ್ನುವುದು ಬೇರೆ ಸಾಲಿನಲ್ಲಿದೆ. ಪಿಸಿ817ರಲ್ಲಿ ಅದು 35 ವೋಲ್ಟ್, ಕೆಲವು ತಯಾರಕರ ಭಾಗಗಳಲ್ಲಿ 80. ಗೋಡೆ ಎಷ್ಟು ಗಟ್ಟಿ ಎನ್ನುವುದು ಒಂದು ಮಾತು, ಬಾಗಿಲ ಚಿಲಕ ಎಷ್ಟು ಗಟ್ಟಿ ಎನ್ನುವುದು ಇನ್ನೊಂದು. 600 ವೋಲ್ಟ್ ಕೊಟ್ಟರೆ ಆಫ್ ಇರುವಾಗಲೇ ಅದು ಬ್ರೇಕ್‌ಡೌನ್ ಆಗುತ್ತದೆ.

ಕಲೆಕ್ಟರ್ ವೋಲ್ಟೇಜ್ ಜಾಸ್ತಿ ಇರುವ ಆಪ್ಟೋಗಳೂ ಇವೆ. ಎಚ್11ಡಿ1 ಮತ್ತು ಟಿಎಲ್‌ಪಿ627 ತಲಾ 300 ವೋಲ್ಟ್, ಎಂಒಸಿ8204 400 ವೋಲ್ಟ್. ನಿಮ್ಮ 600ಕ್ಕೆ ಇವೂ ಸಾಲದು.

ಆ 5000 ಕೂಡ ನೀವು ಅಂದುಕೊಂಡಂತೆ ಇಲ್ಲ. ಅದು ಒಂದು ನಿಮಿಷದ ಪರೀಕ್ಷೆ. ದಿನವಿಡೀ, ವರ್ಷಗಟ್ಟಲೆ ಆ ತಡೆಯ ಮೇಲೆ ಎಷ್ಟು ವೋಲ್ಟೇಜ್ ಇರಬಹುದು ಎನ್ನುವುದಕ್ಕೆ ಐಇಸಿ 60747-5-5 ಪ್ರಕಾರ ಬೇರೆ ಸಂಖ್ಯೆ ಕೊಟ್ಟಿರುತ್ತಾರೆ. ಪಾರ್ಷಿಯಲ್ ಡಿಸ್ಚಾರ್ಜ್ (ಇನ್ಸುಲೇಶನ್ ಒಳಗೆ ಆಗುವ ಸಣ್ಣ ಸಣ್ಣ ಕಿಡಿ) ಪರೀಕ್ಷೆ ಮಾಡಿ ನಿಗದಿ ಮಾಡುವ ಸಂಖ್ಯೆ ಅದು. ಇದೇ 5000 ವೋಲ್ಟ್‌ನ ಡಿಐಪಿ ಭಾಗಗಳಲ್ಲಿ ಸಾಮಾನ್ಯವಾಗಿ 850 ಅಥವಾ 890 ವೋಲ್ಟ್ ಪೀಕ್ ಇರುತ್ತದೆ. ವಾರಗಟ್ಟಲೆ 600 ವೋಲ್ಟ್ ನಿಲ್ಲುವ ನಿಮ್ಮ ಸರ್ಕ್ಯೂಟ್‌ಗೆ ಬೇಕಾದದ್ದು ಈ ಸಂಖ್ಯೆ. ಅದು ಕೆಲವು ಭಾಗಗಳಲ್ಲಿ ವಿಡಿಇ (ಜರ್ಮನಿಯ ಸುರಕ್ಷತಾ ಪ್ರಮಾಣಪತ್ರದ) ಆಯ್ಕೆಯಲ್ಲಿ ಮಾತ್ರ ಸಿಗುತ್ತದೆ. ತರಿಸುವಾಗ ಪಾರ್ಟ್ ನಂಬರಿನ ಕೊನೆಯ ಅಕ್ಷರಗಳನ್ನು ನೋಡಿಕೊಳ್ಳಿ.

ಟ್ರಯಾಕ್_ತಾತ

ಹೀಟರ್ ಭಾಗ ನಾನು ಹೇಳುತ್ತೇನೆ.

2 ಕಿಲೋವ್ಯಾಟ್ ಎಂದರೆ 8.7 ಆಂಪ್. ಬಿಟಿ136 4 ಆಂಪ್‌ನ ಟ್ರಯಾಕ್. ಅದು ಹೀಟರ್‌ಗಿಂತ ಮೊದಲು ತಾನೇ ಬಿಸಿಯಾಗಿ ಹೋಗುತ್ತದೆ. ಬಿಟಿಎ16 ಕನಿಷ್ಠ. ನಾನಾದರೆ ಬಿಟಿಎ24 ಅಥವಾ ಬಿಟಿಎ41 ಹಾಕುತ್ತೇನೆ. ಬಿಟಿಎ ಎಂಬುದನ್ನೇ ತರಿಸಿ, ಬಿಟಿಬಿ ಬೇಡ. ಬಿಟಿಎಯ ಲೋಹದ ಬೆನ್ನು ಒಳಗಿನಿಂದ ಇನ್ಸುಲೇಟ್ ಆಗಿದೆ. ಬಿಟಿಬಿಯಲ್ಲಿ ಬೆನ್ನು ನೇರವಾಗಿ ಎ2 ಕಾಲಿಗೆ ಸೇರಿದೆ. ಅಂದರೆ ಮೈಕಾ ಹಾಕದೆ ಕೂರಿಸಿದರೆ ನಿಮ್ಮ ಹೀಟ್ ಸಿಂಕ್ ಪೂರ್ತಿ ಲೈವ್.

ಎಂಒಸಿ3041ರ ಔಟ್‌ಪುಟ್ ತಡೆಯುವುದು 400 ವೋಲ್ಟ್. 230 ವೋಲ್ಟ್ ಆರ್‌ಎಂಎಸ್‌ನ ಪೀಕ್ 325. ಲೈನ್ ಶೇ. 10 ಏರಿದರೆ 358. ಇನ್ನುಳಿದ ಜಾಗ 42 ವೋಲ್ಟ್ ಅಷ್ಟೆ. ಅಕ್ಕಪಕ್ಕದಲ್ಲಿ ಒಂದು ಮೋಟರ್ ಆಫ್ ಆದರೂ ಅದಕ್ಕಿಂತ ದೊಡ್ಡ ಸ್ಪೈಕ್ ಬರುತ್ತದೆ. 3041 ಮತ್ತು ಅದರ ತಮ್ಮಂದಿರು 110-120 ವೋಲ್ಟ್ ಲೈನಿಗೆ ಸರಿ. 230ಕ್ಕೆ 600 ವೋಲ್ಟ್‌ನ ಎಂಒಸಿ3061 ಅಥವಾ 3063, ಇನ್ನೂ ನೆಮ್ಮದಿ ಬೇಕಿದ್ದರೆ 800 ವೋಲ್ಟ್‌ನ 3081 ಅಥವಾ 3083.

ಕೊನೆಯ ಅಂಕಿ ಎಲ್‌ಇಡಿ ಕರೆಂಟಿನದು. 3061 ಮತ್ತು 3081ಕ್ಕೆ 15 ಮಿಲಿಆಂಪ್, 3063 ಮತ್ತು 3083ಕ್ಕೆ 5. ಈ 15 ಎನ್ನುವುದು ಗರಿಷ್ಠ ಮಿತಿ ಅಂತ ಹಲವರು ಓದಿಕೊಳ್ಳುತ್ತಾರೆ. ಹಾಗಲ್ಲ. 15 ಕೊಟ್ಟರೆ ಎಂಥ ಪೀಸ್ ಆದರೂ ಆನ್ ಆಗುತ್ತದೆ ಎನ್ನುವ ಗ್ಯಾರಂಟಿ ಅದು. ಎಲ್‌ಇಡಿ ತಡೆಯುವ ಗರಿಷ್ಠ 60 ಮಿಲಿಆಂಪ್. ಹಳೆಯದಾದಂತೆ ಎಲ್‌ಇಡಿ ಮಂಕಾಗುತ್ತದೆ, ಹಾಗಾಗಿ 15ರ ಭಾಗಕ್ಕೆ 18-20 ಕೊಡಿ. ಮೈಕ್ರೋಕಂಟ್ರೋಲರ್ ಪಿನ್‌ನಿಂದ ಅಷ್ಟು ಎಳೆಯುವುದು ಬೇಡ. 5 ವೋಲ್ಟ್‌ನಿಂದ 180 ಓಮ್, ಕೆಳಗೆ ಒಂದು ಚಿಕ್ಕ ಎನ್‌ಪಿಎನ್ ಟ್ರಾನ್ಸಿಸ್ಟರ್. 3063 ಆದರೆ 3.3 ವೋಲ್ಟ್‌ನಿಂದ 220 ಓಮ್ ಹಾಕಿದರೆ 9 ಮಿಲಿಆಂಪ್ ಬರುತ್ತದೆ. ನಿಮ್ಮ ಪಿನ್ ಅಷ್ಟು ಕೊಡುತ್ತದಾ ನೋಡಿಕೊಳ್ಳಿ.

ಔಟ್‌ಪುಟ್ ಕಡೆ ಎಂಒಸಿಗೂ ಲೈನಿಗೂ ನಡುವೆ ಒಂದು ರೆಸಿಸ್ಟರ್ ಮರೆಯಬೇಡಿ. ಎಂಒಸಿ ತಡೆಯುವ ಪೀಕ್ ಕರೆಂಟ್ 1 ಆಂಪ್. 325ನ್ನು 1ರಿಂದ ಭಾಗಿಸಿದರೆ 325 ಓಮ್, ಹಾಗಾಗಿ 330 ಅಥವಾ 360.

ರಿಲೇ_ರಾಯ

ಇಷ್ಟೆಲ್ಲ ಯಾಕೆ ಸ್ವಾಮಿ? ಒಂದು ಒಳ್ಳೆಯ ರಿಲೇ ಹಾಕಿ ಮುಗಿಸಿ. ಸೋರಿಕೆ ಇಲ್ಲ, ಬಿಸಿ ಇಲ್ಲ, ಸ್ನಬ್ಬರ್ (ಸ್ಪೈಕ್ ತಗ್ಗಿಸುವ ರೆಸಿಸ್ಟರ್-ಕೆಪಾಸಿಟರ್ ಜೋಡಿ) ಇಲ್ಲ.

ಟ್ರಯಾಕ್_ತಾತ

ರಾಯರೇ, ಹೀಟರ್ ಪಿಐಡಿಯಲ್ಲಿ (ಬಿಸಿ ನೋಡಿಕೊಂಡು ಪವರ್ ತಾನಾಗಿ ಹೊಂದಿಸುವ ಕಂಟ್ರೋಲ್) ಓಡುತ್ತದೆ ಅಂತಿಟ್ಟುಕೊಳ್ಳಿ. 2 ಸೆಕೆಂಡಿಗೊಮ್ಮೆ ಆನ್ ಆಫ್. ದಿನಕ್ಕೆ 43,200 ಸಲ. ಪೂರ್ತಿ ಲೋಡಿನಲ್ಲಿ ಒಂದು ಲಕ್ಷ ಸಲ ಎಂದು ಬರೆದ ರಿಲೇ ಮೂರನೇ ದಿನಕ್ಕೆ ಮುಗಿಯುತ್ತದೆ.

ನಾನು ಹೇಳಿದ ಎಂಒಸಿಗಳು ಝೀರೋ ಕ್ರಾಸ್ ಜಾತಿಯವು, ಅಂದರೆ ಎಸಿ ವೋಲ್ಟೇಜ್ ಸೊನ್ನೆಯ ಹತ್ತಿರ ಬಂದಾಗ ಮಾತ್ರ ಆನ್ ಆಗುತ್ತವೆ. ಅದರಲ್ಲಿ ಇನ್ನೊಂದು ಅನುಕೂಲ ಇದೆ. 50 ಹರ್ಟ್ಸ್‌ನಲ್ಲಿ 2 ಸೆಕೆಂಡಿಗೆ 200 ಅರ್ಧ ಸೈಕಲ್. ಅವುಗಳಲ್ಲಿ ಎಷ್ಟು ಬೇಕೋ ಅಷ್ಟನ್ನು ಬಿಡಬಹುದು. ಶೇ. 0.5ರ ಹೆಜ್ಜೆ ಸಿಕ್ಕಿತು. ಬಿಸಿ ಪೆಟ್ಟಿಗೆಗೆ ಇದು ಬೇಕಾದಷ್ಟಾಯಿತು.

ರಿಲೇ_ರಾಯ

ಹೀಟರ್ ನಿಮಗೇ ಬಿಟ್ಟೆ. ಡಿಸ್ಚಾರ್ಜ್ ವಿಷಯಕ್ಕೆ ಮತ್ತೆ ಬರುತ್ತೇನೆ, ಅಲ್ಲಿ ಬಿಡುವುದಿಲ್ಲ.

ಡೇಟಾಶೀಟ್_ಭಕ್ತ

ಡಿಸ್ಚಾರ್ಜ್‌ಗೆ ಬರುವ ಮೊದಲು ಆ 24-380 ವೋಲ್ಟ್ ಎಸಿ ಎಸ್‌ಎಸ್‌ಆರ್ ಬಗ್ಗೆ ಒಂದು ಮಾತು. ಅದನ್ನು ಡಿಸಿ ಮೇಲೆ ಹಾಕಬಾರದು. ಒಳಗಿರುವುದು ಟ್ರಯಾಕ್ ಅಥವಾ ಎರಡು ಎಸ್‌ಸಿಆರ್ (ಒಂದೇ ದಿಕ್ಕಿಗೆ ಕರೆಂಟ್ ಬಿಡುವ, ಟ್ರಯಾಕ್ ತರಹದ ಸ್ವಿಚ್). ಒಮ್ಮೆ ಆನ್ ಆದರೆ, ಕರೆಂಟ್ ಹೋಲ್ಡಿಂಗ್ ಮಟ್ಟಕ್ಕಿಂತ ಇಳಿಯುವ ತನಕ ಆಫ್ ಆಗುವುದಿಲ್ಲ. ಎಸಿಯಲ್ಲಿ ಅದು ಪ್ರತಿ ಅರ್ಧ ಸೈಕಲ್‌ಗೂ ತಾನಾಗಿ ಇಳಿಯುತ್ತದೆ. ಡಿಸಿಯಲ್ಲಿ ಇಳಿಯುವುದಿಲ್ಲ.

"ನನ್ನದು ಡಿಸ್ಚಾರ್ಜ್ ಅಲ್ವಾ, ಕರೆಂಟ್ ತಾನಾಗಿ ಇಳಿಯುತ್ತದಲ್ಲ" ಅಂತ ನೀವು ಕೇಳಬಹುದು. ಆಗ ಇನ್ನೊಂದು ತಮಾಷೆ ನೋಡಿ. ಝೀರೋ ಕ್ರಾಸ್ ಜಾತಿಯ ಎಸ್‌ಎಸ್‌ಆರ್ ತನ್ನ ಮೇಲಿನ ವೋಲ್ಟೇಜ್ ಸೊನ್ನೆಯ ಹತ್ತಿರ ಬಂದಾಗ ಮಾತ್ರ ಆನ್ ಆಗುತ್ತದೆ. ಎಂಒಸಿ3061ರಲ್ಲಿ ಈ ಮಿತಿ 20 ವೋಲ್ಟ್. 600 ವೋಲ್ಟ್ ಡಿಸಿ ಎಂದೂ ಸೊನ್ನೆಗೆ ಬರುವುದಿಲ್ಲ. ಡಿಸ್ಚಾರ್ಜ್ ಒತ್ತಿದರೆ ಏನೂ ಆಗುವುದಿಲ್ಲ, ಇನ್‌ಪುಟ್‌ನ ಕೆಂಪು ದೀಪ ಮಾತ್ರ ಉರಿಯುತ್ತಿರುತ್ತದೆ. ಅದನ್ನು ನೋಡಿ ಡಿಸ್ಚಾರ್ಜ್ ಆಯಿತೆಂದು ನಂಬಿ ಕೈ ಹಾಕುವವರು ಇರುತ್ತಾರೆ.

100 ಮೈಕ್ರೋಫ್ಯಾರಡ್, 600 ವೋಲ್ಟ್ ಎಂದರೆ 18 ಜೂಲ್. ಪ್ರಾಣ ತೆಗೆಯುವಷ್ಟಿದೆ. ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ.

ಬೆಸುಗೆ_ಕಡ್ಡಿ

ಅಬ್ಬಾ. ಝೀರೋ ಕ್ರಾಸ್ ವಿಷಯ ನನ್ನ ತಲೆಗೇ ಹೊಳೆದಿರಲಿಲ್ಲ. ಹಾಗಾದರೆ 600 ವೋಲ್ಟ್ ಡಿಸಿಗೆ ಏನು ಹಾಕಲಿ? ಡಿಸಿ ಎಸ್‌ಎಸ್‌ಆರ್ ಹುಡುಕಿದರೆ 60, 100, 200 ವೋಲ್ಟ್‌ನವೇ ಜಾಸ್ತಿ ಕಾಣುತ್ತಿವೆ.

ಗೇಟ್_ಕಾವಲು

ನಿಮ್ಮ ಲೋಡಿನಿಂದ ಶುರು ಮಾಡಿ. ಭಾಗದ ಹೆಸರು ಆಮೇಲೆ. ಚಾರ್ಜ್ ಕರೆಂಟ್ 20 ಮಿಲಿಆಂಪ್. ಡಿಸ್ಚಾರ್ಜ್ ಶುರುವಿನಲ್ಲಿ 60 ಮಿಲಿಆಂಪ್, ಆಮೇಲೆ ಇಳಿಕೆ. ವಾರಕ್ಕೆ ಕೆಲವೇ ಸಲ ಸ್ವಿಚ್ ಆಗುತ್ತದೆ. ಅಂದರೆ ವೇಗ ಬೇಡ, ದೊಡ್ಡ ಕರೆಂಟೂ ಬೇಡ. ವೋಲ್ಟೇಜ್ ಒಂದೇ ನಿಮ್ಮ ತಲೆನೋವು. ಇದು ಸುಲಭದ ಕೇಸ್.

ಮೊದಲು ನೆನಪಾಗುವುದು ಫೋಟೋಮಾಸ್ ರಿಲೇ (ಎಲ್‌ಇಡಿ ಬೆಳಕಿನಿಂದ ಮಾಸ್ಫೆಟ್ ನಡೆಸುವ ಎಸ್‌ಎಸ್‌ಆರ್). ಎಕ್ಯೂವಿ258 ಎಂಬುದು 1500 ವೋಲ್ಟ್ ತಡೆಯುತ್ತದೆ. ಆದರೆ ಅದರ ಲೋಡ್ ಕರೆಂಟ್ 20 ಮಿಲಿಆಂಪ್ ಮಾತ್ರ. ನಿಮ್ಮ ಸಪ್ಲೈ ಮಿತಿಯೂ 20. ತುದಿಯ ಮೇಲೆ ನಿಲ್ಲುವುದು ಬೇಡ. ಅದನ್ನು ಅಳತೆ ಲೈನ್ ಬದಲಾಯಿಸಲು ಇಟ್ಟುಕೊಳ್ಳಿ, ಅಲ್ಲಿ ಅದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ.

ನಿಮಗೆ ನಾನು ಹೇಳುವುದು ಫೋಟೋವೋಲ್ಟಾಯಿಕ್ ಡ್ರೈವರ್ ಮತ್ತು ಬೇರೆ ಮಾಸ್ಫೆಟ್ (ಗೇಟ್ ಕಾಲಿಗೆ ವೋಲ್ಟೇಜ್ ಕೊಟ್ಟರೆ ಆನ್ ಆಗುವ ಟ್ರಾನ್ಸಿಸ್ಟರ್). ಈ ಡ್ರೈವರ್ ಒಳಗೆ ಒಂದು ಕಡೆ ಎಲ್‌ಇಡಿ, ಇನ್ನೊಂದು ಕಡೆ ಸಣ್ಣ ಸಣ್ಣ ಸೌರಕೋಶಗಳ ಸಾಲು. ಎಲ್‌ಇಡಿ ಉರಿದರೆ ಆ ಕಡೆ 8 ವೋಲ್ಟ್ ಆಸುಪಾಸು ತಾನಾಗಿ ಹುಟ್ಟುತ್ತದೆ. ಹೈ ಸೈಡ್‌ಗೆ (ಪಾಸಿಟಿವ್ ಕಡೆಗೆ) ಬೇರೆ ಪವರ್ ಸಪ್ಲೈ ಬೇಡವೇ ಬೇಡ. ವಿಒಎಂ1271 ಈ ಜಾತಿಯದು, ಅದರೊಳಗೆ ಬೇಗ ಆಫ್ ಮಾಡುವ ಸರ್ಕ್ಯೂಟೂ ಇದೆ. ಇಲ್ಲದ ಭಾಗ ತಂದರೆ ಗೇಟ್‌ಗೂ ಸೋರ್ಸ್‌ಗೂ ನಡುವೆ ನೀವೇ ರೆಸಿಸ್ಟರ್ ಹಾಕಬೇಕು. 1 ಮೆಗಾಓಮ್ ಹಾಕಿದರೂ ಅದು 8 ಮೈಕ್ರೋಆಂಪ್ ತಿನ್ನುತ್ತದೆ. ಡ್ರೈವರ್ ಕೊಡುವುದೇ 15 ಮೈಕ್ರೋಆಂಪ್ ಆಸುಪಾಸು. ಅರ್ಧ ಅಲ್ಲೇ ಹೋಯಿತು.

ಇದರ ಕೊರತೆ ವೇಗ. ಮಾಸ್ಫೆಟ್‌ಗೆ 40 ನ್ಯಾನೋಕೂಲಂಬ್ ಗೇಟ್ ಚಾರ್ಜ್ ಬೇಕಿದ್ದರೆ, 15 ಮೈಕ್ರೋಆಂಪ್‌ನಲ್ಲಿ ತುಂಬಲು ಸುಮಾರು 2.7 ಮಿಲಿಸೆಕೆಂಡ್. ಅಷ್ಟು ಹೊತ್ತು ಮಾಸ್ಫೆಟ್ ಅರ್ಧ ಆನ್, ಅರ್ಧ ಆಫ್. ನಿಮ್ಮ ಕೇಸಿನಲ್ಲಿ ಕೆಟ್ಟದ್ದೆಂದರೆ 600 ವೋಲ್ಟ್ ಗುಣಿಸು 20 ಮಿಲಿಆಂಪ್, 12 ವ್ಯಾಟ್. 2.7 ಮಿಲಿಸೆಕೆಂಡಿಗೆ 32 ಮಿಲಿಜೂಲ್. ಟಿಒ-220 ಮಾಸ್ಫೆಟ್‌ಗೆ ಇದು ಲೆಕ್ಕಕ್ಕೇ ಇಲ್ಲ. ಇದೇ ಡ್ರೈವರನ್ನು 10 ಆಂಪ್ ಲೋಡಿಗೆ ಹಾಕಿದ್ದರೆ 6 ಕಿಲೋವ್ಯಾಟ್ ಆಗುತ್ತಿತ್ತು, ಮಾಸ್ಫೆಟ್ ಮೊದಲ ಸಲಕ್ಕೇ ಹೋಗುತ್ತಿತ್ತು. ಎಸ್‌ಒಎ ಗ್ರಾಫ್ (ಎಷ್ಟು ವೋಲ್ಟ್, ಎಷ್ಟು ಆಂಪ್, ಎಷ್ಟು ಹೊತ್ತು ತಡೆಯುತ್ತದೆ ಎನ್ನುವುದು) ನೋಡದೆ ಈ ಡ್ರೈವರ್ ಬಳಸಬೇಡಿ.

ಆದರೆ ಒಂದು ಎಚ್ಚರ. ಸಪ್ಲೈ 20 ಮಿಲಿಆಂಪ್ ಕೊಡುತ್ತದೆ ಅಂದರೂ ಅದರ ಔಟ್‌ಪುಟ್‌ನಲ್ಲಿ ಒಂದು ಕೆಪಾಸಿಟರ್ ಇದ್ದೇ ಇರುತ್ತದೆ. ಸ್ವಿಚ್ ಆನ್ ಆದ ಕೂಡಲೇ ಅದು ನಿಮ್ಮ ಖಾಲಿ ಕೆಪಾಸಿಟರ್‌ಗಳಿಗೆ ಸುರಿಯುತ್ತದೆ, ಮಿತಿಯೇ ಇಲ್ಲದೆ. ಸಾಲಿನಲ್ಲಿ 2.2 ಕಿಲೋಓಮ್ ವೈರ್‌ವೌಂಡ್ ರೆಸಿಸ್ಟರ್ ಹಾಕಿ. ಪೀಕ್ 0.27 ಆಂಪ್‌ಗೆ ನಿಲ್ಲುತ್ತದೆ. ಪೂರ್ತಿ ಚಾರ್ಜ್‌ಗೆ ಹೇಗೂ 3 ಸೆಕೆಂಡ್ ಚಿಲ್ಲರೆ ಬೇಕು.

ಮಾಸ್ಫೆಟ್ 1000 ವೋಲ್ಟ್‌ನ ಸಿಲಿಕಾನ್ ಭಾಗ ಇರಲಿ. ಆನ್ ರೆಸಿಸ್ಟೆನ್ಸ್ ಕೆಲವು ಓಮ್ ಇದ್ದರೂ 20 ಮಿಲಿಆಂಪ್‌ಗೆ ಏನಾಗಬೇಕು? ಸಿಲಿಕಾನ್ ಕಾರ್ಬೈಡ್ ಬೇಡ. ಅವುಗಳಲ್ಲಿ ಹೆಚ್ಚಿನವು ಗೇಟ್‌ನಲ್ಲಿ 15-18 ವೋಲ್ಟ್ ಕೇಳುತ್ತವೆ, 8 ವೋಲ್ಟ್‌ಗೆ ಸರಿಯಾಗಿ ಆನ್ ಆಗುವುದಿಲ್ಲ.

ಹೊಸ_ಸರ್ಕ್ಯೂಟ್

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಸ್ವಿಚ್ಚನ್ನು ನೆಗೆಟಿವ್ ಕಡೆ ಹಾಕಿದರೆ ಈ ಫೋಟೋವೋಲ್ಟಾಯಿಕ್ ಎಲ್ಲ ಬೇಡ ಅಲ್ವಾ? ಗೇಟ್‌ಗೆ ಗ್ರೌಂಡ್‌ನಿಂದಲೇ ಸಿಗ್ನಲ್ ಕೊಡಬಹುದು.

ಗೇಟ್_ಕಾವಲು

ಕೊಡಬಹುದು, ಅಗ್ಗವೂ ಹೌದು. ಆದರೆ ಆಗ ಸ್ವಿಚ್ ಆಫ್ ಇದ್ದರೂ ಕೆಪಾಸಿಟರ್‌ಗಳ ಎರಡೂ ಕಾಲು ಗ್ರೌಂಡಿಗಿಂತ 600 ವೋಲ್ಟ್ ಮೇಲೆ ಕೂತಿರುತ್ತವೆ. ಪೆಟ್ಟಿಗೆಯ ಒಳಗೆ ಕೈ ಹಾಕಿ ಕೆಪಾಸಿಟರ್ ಬದಲಿಸಬೇಕಾದ ಯಂತ್ರ ಇದು. ಹೈ ಸೈಡ್ ಸ್ವಿಚ್ ಇಲ್ಲಿ ದುಬಾರಿ ಶೋಕಿ ಅಲ್ಲ. ಮಾಸ್ಫೆಟ್ ಸುಟ್ಟು ಶಾರ್ಟ್ ಆದರೆ 600 ವೋಲ್ಟ್ ನೇರ ಮೈಕ್ರೋಕಂಟ್ರೋಲರ್ ಗ್ರೌಂಡಿನ ಜೊತೆ ಆಟ ಆಡುತ್ತದೆ, ಅದೂ ಇದೆ.

ರಿಲೇ_ರಾಯ

ಬಂದೆ. ಡಿಸ್ಚಾರ್ಜ್‌ಗೆ ಮಾಸ್ಫೆಟ್ ಹಾಕುವುದನ್ನು ನಾನು ಒಪ್ಪುವುದಿಲ್ಲ. ಕರೆಂಟ್ ಹೋದರೆ ಏನಾಗುತ್ತದೆ? ಎಲ್‌ಇಡಿ ಆರುತ್ತದೆ, ಮಾಸ್ಫೆಟ್ ಆಫ್ ಆಗುತ್ತದೆ, 18 ಜೂಲ್ ಹಾಗೇ ಒಳಗೆ ಉಳಿಯುತ್ತದೆ. ಬೇಕಾದದ್ದು ತದ್ವಿರುದ್ಧ. ಕರೆಂಟ್ ಹೋದ ಕೂಡಲೇ ಡಿಸ್ಚಾರ್ಜ್ ತಾನಾಗಿ ಶುರುವಾಗಬೇಕು. ಅದಕ್ಕೆ ನಾರ್ಮಲಿ ಕ್ಲೋಸ್ಡ್ (ಕರೆಂಟ್ ಇಲ್ಲದಾಗ ಮುಚ್ಚಿಕೊಂಡಿರುವ) ಕಾಂಟ್ಯಾಕ್ಟ್ ಇರುವ ಮೆಕ್ಯಾನಿಕಲ್ ರಿಲೇಯೇ ಸರಿ.

ಡೇಟಾಶೀಟ್_ಭಕ್ತ

ರಿಲೇ ಮೇಲೆ "250 ವೋಲ್ಟ್ ಎಸಿ, 30 ವೋಲ್ಟ್ ಡಿಸಿ" ಅಂತ ಬರೆದಿರುತ್ತದಲ್ಲ? ಆ 30 ಸುಮ್ನೆ ಬರೆದದ್ದಲ್ಲ. ಡಿಸಿ ಆರ್ಕ್ ಸೊನ್ನೆ ದಾಟುವುದಿಲ್ಲ, ಹಾಗಾಗಿ ಕಾಂಟ್ಯಾಕ್ಟ್ ಬಿಟ್ಟರೂ ಆರ್ಕ್ ನಿಲ್ಲುವುದಿಲ್ಲ. 600ರಲ್ಲಿ ಏನಾದೀತು ಯೋಚಿಸಿ.

ರಿಲೇ_ರಾಯ

ಯೋಚಿಸಿಯೇ ಹೇಳಿದ್ದು. ಆ 30 ವೋಲ್ಟ್ ಕರೆಂಟ್ ಕಡಿಯುವಾಗಿನ ಮಿತಿ. ಇಲ್ಲಿ ನನ್ನ ರಿಲೇ ಕರೆಂಟ್ ಕಡಿಯುವುದೇ ಇಲ್ಲ. 600 ವೋಲ್ಟ್ ಮೇಲೆ ಅದು ಮುಚ್ಚುತ್ತದೆ, 10 ಕಿಲೋಓಮ್ ಇರುವುದರಿಂದ 60 ಮಿಲಿಆಂಪ್ ಹರಿಯುತ್ತದೆ. ಟೈಮ್ ಕಾನ್ಸ್ಟಂಟ್ 1 ಸೆಕೆಂಡ್. 5 ಸೆಕೆಂಡಿಗೆ ಕೆಪಾಸಿಟರ್‌ನಲ್ಲಿ 4 ವೋಲ್ಟ್ ಉಳಿದಿರುತ್ತದೆ. ಮತ್ತೆ ಚಾರ್ಜ್ ಶುರು ಮಾಡುವಾಗ ಮೊದಲು ರಿಲೇ ಬಿಡಲಿ, ಆಮೇಲೆ ಮಾಸ್ಫೆಟ್ ಆನ್ ಆಗಲಿ. ಆರ್ಕ್ ಎಲ್ಲಿಂದ ಬರಬೇಕು?

ಡೇಟಾಶೀಟ್_ಭಕ್ತ

ಇದಕ್ಕೆ ಎದುರಾಡುವುದಿಲ್ಲ, ಒಪ್ಪಿದೆ. ಆದರೆ ಬಿಟ್ಟ ಕಾಂಟ್ಯಾಕ್ಟ್ ವಾರಗಟ್ಟಲೆ 600 ವೋಲ್ಟ್ ತಡೆದು ನಿಲ್ಲಬೇಕು. ಸಾಮಾನ್ಯ ಪವರ್ ರಿಲೇಯಲ್ಲಿ ತೆರೆದ ಕಾಂಟ್ಯಾಕ್ಟ್ ನಡುವೆ 1000 ವೋಲ್ಟ್ ಅಂತ ಇರುತ್ತದೆ. ಅದೂ ಒಂದು ನಿಮಿಷದ ಪರೀಕ್ಷೆಯೇ. ಎರಡು ಪೋಲ್ ಇರುವ ರಿಲೇ ತಂದು ಎರಡೂ ಕಾಂಟ್ಯಾಕ್ಟ್ ಸಾಲಿನಲ್ಲಿ ಹಾಕಿ, ಅಥವಾ ಹೈ ವೋಲ್ಟೇಜ್ ರೀಡ್ ರಿಲೇ ತೆಗೆದುಕೊಳ್ಳಿ.

ನಾರ್ಮಲಿ ಕ್ಲೋಸ್ಡ್ ಫೋಟೋಮಾಸ್ ಕೂಡ ಇದೆ, ಎಕ್ಯೂವಿ414 ತರಹದ್ದು. ಅದು 400 ವೋಲ್ಟ್‌ಗೆ ನಿಲ್ಲುತ್ತದೆ, ಇಲ್ಲಿಗೆ ಆಗದು.

ಇನ್ನೂ ಒಂದು. ರಿಲೇ ಇದ್ದರೂ ಕೆಪಾಸಿಟರ್‌ಗಳ ಮೇಲೆ ಯಾವಾಗಲೂ ಒಂದು ಬ್ಲೀಡರ್ (ಚಾರ್ಜನ್ನು ನಿಧಾನಕ್ಕೆ ಖಾಲಿ ಮಾಡುವ ರೆಸಿಸ್ಟರ್) ಇರಲಿ. 1 ಮೆಗಾಓಮ್ ಆದರೆ 0.36 ವ್ಯಾಟ್ ಅಷ್ಟೆ, 8 ನಿಮಿಷ ಚಿಲ್ಲರೆಯಲ್ಲಿ ಖಾಲಿ ಮಾಡುತ್ತದೆ. ಒಂದೇ ರೆಸಿಸ್ಟರ್ ಹಾಕಬೇಡಿ. ಕಾಲು ವ್ಯಾಟ್ ರೆಸಿಸ್ಟರ್ ತಡೆಯುವ ವೋಲ್ಟೇಜ್ ಸಾಮಾನ್ಯವಾಗಿ 250, 1206 ಚಿಪ್‌ದು 200. ವ್ಯಾಟ್ ನೋಡಿದವರು ಈ ಸಾಲನ್ನು ನೋಡುವುದಿಲ್ಲ. 220 ಅಥವಾ 270 ಕಿಲೋಓಮ್‌ನ ನಾಲ್ಕನ್ನು ಸಾಲಾಗಿ ಹಾಕಿ.

ಬೆಸುಗೆ_ಕಡ್ಡಿ

ಸರಿ, ಚಾರ್ಜ್‌ಗೆ ಫೋಟೋವೋಲ್ಟಾಯಿಕ್ ಜೊತೆ 1000 ವೋಲ್ಟ್ ಮಾಸ್ಫೆಟ್. ಡಿಸ್ಚಾರ್ಜ್‌ಗೆ ರಾಯರ ರಿಲೇ, ಜೊತೆಗೆ ಬ್ಲೀಡರ್. ಹೀಟರ್‌ಗೆ ಎಂಒಸಿ3063 ಮತ್ತು ಬಿಟಿಎ24, ಇಲ್ಲವೇ ರೆಡಿಮೇಡ್ ಎಸ್‌ಎಸ್‌ಆರ್. ಯಾವುದು ವಾಸಿ?

ಪಿಸಿ817ನ್ನು ಮುಚ್ಚಳದ ಇಂಟರ್‌ಲಾಕ್ ಸ್ವಿಚ್ (ಮುಚ್ಚಳ ತೆರೆದದ್ದನ್ನು ತಿಳಿಸುವುದು) ಓದಲು ಬಳಸಬಹುದಾ?

ಟ್ರಯಾಕ್_ತಾತ

ಒಂದೇ ಪೀಸ್ ಮಾಡುವುದಾದರೆ ರೆಡಿಮೇಡ್ ತಗೊಳ್ಳಿ. ಇನ್ಸುಲೇಶನ್ ತಲೆನೋವು ಅವರೇ ತೀರಿಸಿರುತ್ತಾರೆ. ಆದರೆ 25 ಆಂಪ್ ಅಂತ ಬರೆದದ್ದನ್ನು ಹಾಗೇ ನಂಬಬೇಡಿ. ಅದು ದೊಡ್ಡ ಹೀಟ್ ಸಿಂಕ್ ಇದ್ದಾಗಿನ ಮಾತು. ಎಸ್‌ಎಸ್‌ಆರ್ ಆನ್ ಇರುವಾಗ ಅದರ ಮೇಲೆ 1ರಿಂದ 1.6 ವೋಲ್ಟ್ ಬೀಳುತ್ತದೆ. 8.7 ಆಂಪ್‌ಗೆ 1.2 ಹಿಡಿದರೆ ಹತ್ತಿರ ಹತ್ತಿರ 10.5 ವ್ಯಾಟ್ ಬಿಸಿ. ಕ್ಯಾಬಿನೆಟ್ ಒಳಗೆ 50 ಡಿಗ್ರಿ ಇದೆ, ಎಸ್‌ಎಸ್‌ಆರ್ ತಳ 80 ದಾಟಬಾರದು ಅಂದರೆ ನಿಮಗೆ ಉಳಿದದ್ದು 30 ಡಿಗ್ರಿ. 30ನ್ನು 10.5ರಿಂದ ಭಾಗಿಸಿ, ವ್ಯಾಟಿಗೆ 2.9 ಡಿಗ್ರಿ. ವ್ಯಾಟಿಗೆ 2 ಡಿಗ್ರಿಯ ಹೀಟ್ ಸಿಂಕ್ ಹಾಕಿ, ಮಧ್ಯೆ ತೆಳ್ಳಗೆ ಗ್ರೀಸ್ ಹಚ್ಚಿ. ತುಂಬಾ ಬಳಿದರೆ ಬಿಸಿ ದಾಟುವುದು ಕಷ್ಟವಾಗುತ್ತದೆ.

ಔಟ್‌ಪುಟ್ ವೋಲ್ಟೇಜ್ ಆರಿಸುವಾಗ ಎಂಒವಿ (ಸ್ಪೈಕ್ ಬಂದಾಗ ಅದನ್ನು ತನ್ನ ಮೂಲಕ ಹರಿಸಿಬಿಡುವ ಭಾಗ) ಜೊತೆ ಸೇರಿಸಿ ನೋಡಿ. 275 ವೋಲ್ಟ್ ಎಸಿಯ 14 ಮಿಲಿಮೀಟರ್ ಎಂಒವಿ 430 ವೋಲ್ಟ್‌ಗೆ ಕರೆಂಟ್ ಬಿಡಲು ಶುರು ಮಾಡುತ್ತದೆ. ಆದರೆ ನಿಜವಾದ ಸರ್ಜ್ ಬಂದು 50 ಆಂಪ್ ಹರಿಯುವಾಗ ಅದರ ಮೇಲೆ 710 ವೋಲ್ಟ್ ಇರಬಹುದು. ಹಿಂದೆ ಕೂತಿರುವ ಎಸ್‌ಎಸ್‌ಆರ್ 600 ವೋಲ್ಟ್‌ನದ್ದಾದರೆ ಎಂಒವಿ ಏನು ಕಾಪಾಡಿತು? 1200 ವೋಲ್ಟ್ ಪೀಕ್ ತಡೆಯುವ, 480 ವೋಲ್ಟ್ ಲೈನಿನ ಎಸ್‌ಎಸ್‌ಆರನ್ನೇ 230ಕ್ಕೆ ಹಾಕುವುದು ನನ್ನ ರೂಢಿ.

ಎಲ್ಲಕ್ಕಿಂತ ಮುಖ್ಯ, ಎಸ್‌ಎಸ್‌ಆರ್ ಕೆಟ್ಟರೆ ಹೆಚ್ಚಾಗಿ ಶಾರ್ಟ್ ಆಗಿಯೇ ಕೆಡುತ್ತದೆ. ಹೀಟರ್ ಪೂರ್ತಿ ಆನ್, ಪಿಐಡಿ ಏನು ಬೊಬ್ಬೆ ಹೊಡೆದರೂ ಕೇಳುವವರಿಲ್ಲ. ಒಳಗಿರುವುದು 600 ವೋಲ್ಟ್‌ನ ಪ್ಲಾಸ್ಟಿಕ್ ಫಿಲ್ಮ್ ಕೆಪಾಸಿಟರ್‌ಗಳು. ಮೈಕ್ರೋಕಂಟ್ರೋಲರ್‌ಗೆ ಸಂಬಂಧವೇ ಇಲ್ಲದ ಒಂದು ಥರ್ಮಲ್ ಕಟ್‌ಆಫ್ ಇರಲಿ, ಅದು ಒಂದು ಕಾಂಟ್ಯಾಕ್ಟರ್ ಬಿಡಿಸಲಿ. ದಿನನಿತ್ಯದ ಆನ್ ಆಫ್ ಎಸ್‌ಎಸ್‌ಆರ್ ನೋಡಿಕೊಳ್ಳುತ್ತದೆ, ಕಾಂಟ್ಯಾಕ್ಟರ್ ಅಪಾಯಕ್ಕೆ ಮಾತ್ರ. ನೋಡಿ ರಾಯರೇ, ನಿಮಗೂ ಕೆಲಸ ಸಿಕ್ಕಿತು.

ರಿಲೇ_ರಾಯ

ಧನ್ಯೋಸ್ಮಿ.

ಡೇಟಾಶೀಟ್_ಭಕ್ತ

ಇಂಟರ್‌ಲಾಕ್‌ಗೆ ಪಿಸಿ817 ಧಾರಾಳ ಸಾಕು. ಆ ಕೆಲಸಕ್ಕೇ ಅದು ಹುಟ್ಟಿದ್ದು. ಸಿಟಿಆರ್ (ಎಲ್‌ಇಡಿ ಕರೆಂಟಿನ ಶೇಕಡಾ ಎಷ್ಟು ಟ್ರಾನ್ಸಿಸ್ಟರ್ ಕಡೆ ಬರುತ್ತದೆ ಎನ್ನುವುದು) ಲೆಕ್ಕ ಮಾತ್ರ ಕೆಟ್ಟ ಪೀಸ್ ಹಿಡಿದು ಮಾಡಿ. ಪಿಸಿ817ರ ಸಿಟಿಆರ್ ಶೇ. 50ರಿಂದ 600ರ ತನಕ ಎಲ್ಲಿ ಬೇಕಾದರೂ ಇರಬಹುದು. ಎ ದರ್ಜೆ 80-160, ಸಿ ದರ್ಜೆ 200-400. ದರ್ಜೆ ಹೇಳದೆ ತಂದರೆ 50 ಅಂತಲೇ ಹಿಡಿಯಿರಿ. ಎಲ್‌ಇಡಿಗೆ 5 ಮಿಲಿಆಂಪ್ ಕೊಟ್ಟರೆ 2.5 ಬರುತ್ತದೆ. ವಯಸ್ಸಾದ ಮೇಲೆ ಅರ್ಧಕ್ಕೆ ಇಳಿಯಲಿ, 1.25. ಬಿಸಿಗೆ ಇನ್ನಷ್ಟು ಇಳಿದು 1 ಅಂದುಕೊಳ್ಳಿ. 3.3 ವೋಲ್ಟ್‌ಗೆ 10 ಕಿಲೋಓಮ್ ಪುಲ್ಅಪ್ ಬೇಡುವುದು 0.33 ಮಿಲಿಆಂಪ್. ಮೂರು ಪಟ್ಟು ಉಳಿದಿದೆ, ನಿಶ್ಚಿಂತೆ. ಆಪ್ಟೋ ಮಾತ್ರ ಬಿಸಿ ಪೆಟ್ಟಿಗೆಯ ಹೊರಗೆ ಇರಲಿ, ಬಿಸಿಯಲ್ಲಿ ಎಲ್‌ಇಡಿ ಬೇಗ ಮುದಿಯಾಗುತ್ತದೆ.

ಎಲ್‌ಇಡಿಗೆ ಉಲ್ಟಾ ವೋಲ್ಟೇಜ್ 5-6 ದಾಟಬಾರದು. ಉದ್ದ ವೈರ್ ಇದ್ದರೆ ಒಂದು 1ಎನ್4148 ಎದುರುಬದುರಾಗಿ ಹಾಕಿಬಿಡಿ.

ಹೊಸ_ಸರ್ಕ್ಯೂಟ್

ಇದೇ ಮಾತಿನಲ್ಲಿ ನನ್ನದೂ ಒಂದು ಪ್ರಶ್ನೆ. ನಾನು 800 ವೋಲ್ಟ್ ಬಸ್‌ನಲ್ಲಿ ಹಾಫ್ ಬ್ರಿಡ್ಜ್ (ಮೇಲೊಂದು, ಕೆಳಗೊಂದು ಸ್ವಿಚ್ ಇರುವ ಸರ್ಕ್ಯೂಟ್) ಮಾಡುತ್ತಿದ್ದೇನೆ, ಸಿಲಿಕಾನ್ ಕಾರ್ಬೈಡ್ ಮಾಸ್ಫೆಟ್, 50 ಕಿಲೋಹರ್ಟ್ಸ್. ಪಿಸಿ817 ನಿಧಾನ ಅಂತ ಗೊತ್ತು. 6ಎನ್137 10 ಮೆಗಾಬಿಟ್ ಓಡುತ್ತದೆ, ಅದು ಆಗುತ್ತಾ? ಇಲ್ಲ ಟಿಎಲ್‌ಪಿ250?

ಗೇಟ್_ಕಾವಲು

ಇದು ಬೇರೆಯೇ ಲೋಕ. ಇಲ್ಲಿ ವೇಗದ ಜೊತೆ ಸಿಎಂಟಿಐ (ಎರಡು ಕಡೆಯ ನಡುವೆ ವೋಲ್ಟೇಜ್ ಎಷ್ಟು ವೇಗವಾಗಿ ಹಾರಿದರೂ ತಪ್ಪು ಸಿಗ್ನಲ್ ಕೊಡುವುದಿಲ್ಲ ಎನ್ನುವ ಮಿತಿ) ನೋಡಬೇಕು. ಹೈ ಸೈಡ್ ಮಾಸ್ಫೆಟ್‌ನ ಸೋರ್ಸ್ ಪ್ರತಿ ಸಲವೂ 0ಯಿಂದ 800ಕ್ಕೆ ಹಾರುತ್ತದೆ. ಸಿಲಿಕಾನ್ ಕಾರ್ಬೈಡ್‌ನಲ್ಲಿ ಅದು ನ್ಯಾನೋಸೆಕೆಂಡಿಗೆ 50 ವೋಲ್ಟ್‌ಗೂ ಮೇಲೆ ಹೋಗಬಹುದು, ಅಂದರೆ ಮೈಕ್ರೋಸೆಕೆಂಡಿಗೆ 50 ಕಿಲೋವೋಲ್ಟ್. ಆಪ್ಟೋದ ಎರಡು ಕಡೆಯ ನಡುವೆ ಇರುವ ಪಿಕೋಫ್ಯಾರಡ್‌ನಷ್ಟು ಕೆಪಾಸಿಟೆನ್ಸ್ ಮೂಲಕ ಆ ಹಾರಾಟ ಒಳಗೆ ನುಗ್ಗುತ್ತದೆ. 1 ಪಿಕೋಫ್ಯಾರಡ್‌ಗೂ 50 ಮಿಲಿಆಂಪ್ ಹರಿಯುತ್ತದೆ, ಲೆಕ್ಕ ಹಾಕಿ ನೋಡಿ. ಆಪ್ಟೋ ಅದನ್ನೇ ಸಿಗ್ನಲ್ ಅಂದುಕೊಂಡರೆ ಮೇಲಿನ, ಕೆಳಗಿನ ಎರಡೂ ಮಾಸ್ಫೆಟ್ ಒಟ್ಟಿಗೆ ಆನ್.

6ಎನ್137ರ ಗ್ಯಾರಂಟಿ ಇದರ ಹತ್ತಿರಕ್ಕೂ ಬರುವುದಿಲ್ಲ, ಗೇಟ್ ನಡೆಸುವ ಕರೆಂಟೂ ಅದರಲ್ಲಿಲ್ಲ. ಟಿಎಲ್‌ಪಿ250 1.5 ಆಂಪ್ ಕೊಡುತ್ತದೆ, ಐಜಿಬಿಟಿ ಕಾಲದ ಒಳ್ಳೆಯ ಭಾಗ. ಆದರೆ ಅದರಲ್ಲಿ ಯುವಿಎಲ್‌ಒ (ಸಪ್ಲೈ ಇಳಿದರೆ ಔಟ್‌ಪುಟ್ ಆಫ್ ಮಾಡುವ ಕಾವಲು) ಇಲ್ಲ. ಡ್ರೈವರ್ ಸಪ್ಲೈ ಇಳಿದರೆ ಗೇಟನ್ನು ಅರೆಬರೆ ಆನ್ ಮಾಡಿ ಸುಡುತ್ತದೆ. ಎಚ್‌ಸಿಪಿಎಲ್-3120ರಲ್ಲಿ ಯುವಿಎಲ್‌ಒ ಇದೆ, ಪೀಕ್ 2.5 ಆಂಪ್. ಆದರೂ ಸಿಲಿಕಾನ್ ಕಾರ್ಬೈಡ್‌ಗೆ ಬೇಡ. ಮೈಕ್ರೋಸೆಕೆಂಡಿಗೆ 100 ಕಿಲೋವೋಲ್ಟ್ ಮತ್ತು ಅದಕ್ಕೂ ಮೇಲೆ ತಡೆಯುವ ಕೆಪಾಸಿಟಿವ್ ಅಥವಾ ಮ್ಯಾಗ್ನೆಟಿಕ್ ಐಸೊಲೇಟೆಡ್ ಗೇಟ್ ಡ್ರೈವರ್‌ಗಳಿವೆ, ಅವನ್ನೇ ತಗೊಳ್ಳಿ. ಇದಕ್ಕೆ ಬೇರೆ ಎಳೆ ಶುರು ಮಾಡಿ, ಬರೆಯುವುದು ಬಹಳ ಇದೆ.

ಡೇಟಾಶೀಟ್_ಭಕ್ತ

ಬೆಸುಗೆ_ಕಡ್ಡಿ ಅವರೇ, ಬೋರ್ಡ್ ಬಗ್ಗೆ ಇನ್ನೂ ಮಾತಾಡಿಲ್ಲ. ಒಳ್ಳೆಯ ಆಪ್ಟೋ ತಂದು ಅದರ ಕೆಳಗೆ ಗ್ರೌಂಡ್ ತಾಮ್ರ ಹರಡಿದರೆ ಹಣ ನೀರಿಗೆ ಹಾಕಿದಂತೆ.

ಮಾಲಿನ್ಯ ದರ್ಜೆ 2 (ಸಾಮಾನ್ಯ ಒಳಾಂಗಣದ ಧೂಳು), ಸಾಮಾನ್ಯ ಎಫ್‌ಆರ್4 ಬೋರ್ಡ್ ಅಂತಿಟ್ಟುಕೊಂಡರೆ, 250 ವೋಲ್ಟ್‌ಗೆ ಕ್ರೀಪೇಜ್ (ಎರಡು ಕಡೆಯ ನಡುವೆ ಮೇಲ್ಮೈ ಹಿಡಿದು ಅಳೆದ ದೂರ) ಬೇಸಿಕ್ ಇನ್ಸುಲೇಶನ್ ಆದರೆ 2.5 ಮಿಲಿಮೀಟರ್, ಇಮ್ಮಡಿ ರಕ್ಷಣೆಯ ರೀಇನ್ಫೋರ್ಸ್ಡ್ ಆದರೆ 5. ಹೀಟರ್ ಕಡೆ ಇದು ಸುಲಭ. 600 ವೋಲ್ಟ್‌ನ ಸಾಲಿನಲ್ಲಿ ಬೇಸಿಕ್ 6.3, ರೀಇನ್ಫೋರ್ಸ್ಡ್ 12.6. ಡಿಐಪಿ ಆಪ್ಟೋದ ಕಾಲುಗಳ ನಡುವೆ 7.62 ಮಿಲಿಮೀಟರ್, ಪ್ಯಾಡ್ ಹಾಕಿದ ಮೇಲೆ 6ರ ಆಸುಪಾಸು ಉಳಿಯುತ್ತದೆ. ಬೇಸಿಕ್‌ಗೂ ಕಷ್ಟ. ಕಾಲು ಅಗಲಿಸಿ 10.16ಕ್ಕೆ ಬಗ್ಗಿಸಿದ ಆಯ್ಕೆ ಇರುತ್ತದೆ, ಅದನ್ನು ತರಿಸಿ. ಆಪ್ಟೋ ಕೆಳಗೆ ಬೋರ್ಡಿನಲ್ಲಿ 1 ಮಿಲಿಮೀಟರ್‌ಗಿಂತ ಅಗಲದ ಸೀಳು ಕೊರೆಸಿ. ಸೀಳಿನಿಂದ ಬೋರ್ಡಿನ ಮೇಲಿನ ದಾರಿ ಉದ್ದವಾಗುತ್ತದೆ. ಆಪ್ಟೋದ ಮೈ ಮೇಲಿನ ದಾರಿ ಹಾಗೇ ಇರುತ್ತದೆ, ಅದನ್ನು ಡೇಟಾಶೀಟ್‌ನಲ್ಲೇ ನೋಡಬೇಕು. ವಿಒಎಂ1271 ಚಿಕ್ಕ ಎಸ್‌ಒಪಿ ಪ್ಯಾಕೇಜಿನದ್ದು, ಆರ್ಡರ್ ಮಾಡುವ ಮೊದಲು ಆ ಸಾಲು ಓದಿ. ಸಾಲದಿದ್ದರೆ ಡಿಐಪಿ ಪ್ಯಾಕೇಜಿನ ಫೋಟೋವೋಲ್ಟಾಯಿಕ್ ಡ್ರೈವರ್ ಹುಡುಕಿ.

ರೀಇನ್ಫೋರ್ಸ್ಡ್ ಬೇಕೇ ಬೇಕಾ? ಕಂಟ್ರೋಲರ್‌ನ ಯುಎಸ್‌ಬಿ ಕೇಬಲ್ ಯಾರಾದರೂ ಕೈಯಲ್ಲಿ ಹಿಡಿಯುತ್ತಾರೆ ಅಂದರೆ ಬೇಕು. ಕಂಟ್ರೋಲರ್ ಗ್ರೌಂಡನ್ನು ಗಟ್ಟಿಯಾಗಿ ಅರ್ತ್‌ಗೆ ಕಟ್ಟಿದ್ದರೆ ಬೇಸಿಕ್ ಸಾಕಾಗುತ್ತದೆ. ನಾನಾದರೆ ಅರ್ತ್ ಕಟ್ಟಿ, ಯುಎಸ್‌ಬಿಗೂ ಒಂದು ಐಸೊಲೇಟರ್ ಹಾಕುತ್ತೇನೆ.

ಬೆಸುಗೆ_ಕಡ್ಡಿ

ಅರ್ತ್ ಕಟ್ಟುತ್ತೇನೆ, ಸೀಳೂ ಹಾಕಿದೆ. ಎಲ್ಲರಿಗೂ ತುಂಬಾ ಧನ್ಯವಾದ.

ನಿನ್ನೆ ಹೀಟರ್ ಇನ್ನೂ ಜೋಡಿಸದೆ ಎಸ್‌ಎಸ್‌ಆರ್ ಒಂದನ್ನೇ ಲೈನಿಗೆ ಹಾಕಿ ನೋಡಿದೆ. ಇನ್‌ಪುಟ್ ಆಫ್ ಇದ್ದರೂ ಔಟ್‌ಪುಟ್‌ನಲ್ಲಿ ಮೀಟರ್ 220 ವೋಲ್ಟ್ ತೋರಿಸುತ್ತಿದೆ. ಹೊಸ ಪೀಸೇ ಶಾರ್ಟ್ ಆಗಿ ಬಂದಿದೆಯಾ?

ಟ್ರಯಾಕ್_ತಾತ

ಪೀಸ್ ಸರಿ ಇರಬೇಕು. ಒಳಗೆ ಸ್ನಬ್ಬರ್ ಇದೆ. 10 ನ್ಯಾನೋಫ್ಯಾರಡ್ ಇದ್ದರೂ 230 ವೋಲ್ಟ್, 50 ಹರ್ಟ್ಸ್‌ನಲ್ಲಿ 0.7 ಮಿಲಿಆಂಪ್ ಸೋರುತ್ತದೆ. 100 ನ್ಯಾನೋಫ್ಯಾರಡ್ ಆದರೆ 7 ಮಿಲಿಆಂಪ್. ನಿಮ್ಮ ಮೀಟರ್ 10 ಮೆಗಾಓಮ್, ಅದಕ್ಕೆ ಈ ಸೋರಿಕೆಯೇ ಧಾರಾಳ. 60 ವ್ಯಾಟ್‌ನ ಹಳೆ ಫಿಲಮೆಂಟ್ ಬಲ್ಬ್ ಲೋಡಾಗಿ ಹಾಕಿ ಮತ್ತೆ ಅಳೆಯಿರಿ. ಕೆಲವು ವೋಲ್ಟ್‌ಗೆ ಇಳಿದರೆ ಎಸ್‌ಎಸ್‌ಆರ್ ಚೆನ್ನಾಗಿದೆ, ಬಲ್ಬ್ ಪೂರ್ತಿ ಉರಿದರೆ ವಾಪಸ್ ಕಳಿಸಿ. ಎಲ್‌ಇಡಿ ಬಲ್ಬ್ ಹಾಕಬೇಡಿ, ಅದು ಈ ಸೋರಿಕೆಗೇ ಮಿಣಮಿಣ ಅನ್ನುತ್ತದೆ.

ಇದೇ ಕಾರಣಕ್ಕೆ ಹೀಟರ್ ರಿಪೇರಿಗೆ ಕೈ ಹಾಕುವಾಗ ಎಸ್‌ಎಸ್‌ಆರ್ ಆಫ್ ಇದೆ ಅಂತ ನೆಚ್ಚಿಕೊಳ್ಳಬೇಡಿ. ಕಾಂಟ್ಯಾಕ್ಟರ್ ಬಿಟ್ಟಿರಬೇಕು, ಪ್ಲಗ್ ಹೊರಗಿರಬೇಕು.